ಹುಮನಾಬಾದಿಗೆ ‘ಅದನ್ನು’ ನೋಡಲು ಹೋದದ್ದು

ಯಾವ ವಸ್ತುವನ್ನೂ ಪರೀಕ್ಷಿಸದೆ ಮನೆಯೊಳಗೆ ಬಿಟ್ಟುಕೊಳ್ಳುವ ಮನುಷ್ಯ ನಾನಲ್ಲ. ಬಸವಕಲ್ಯಾಣದಲ್ಲಿ ನನ್ನದೊಂದು ಪಾತ್ರೆ ಅಂಗಡಿಯಿದೆ. ಕೊಡವನ್ನು ಬೆರಳಿನ ಗೆಣ್ಣಿನಿಂದ ಒಮ್ಮೆ ಬಾರಿಸಿದರೆ ಅದರ ಜಾತಕ ಹೇಳಬಲ್ಲೆ. ಅಂಥವನಿಗೆ ಒಂದು ಟಿವಿ ಆರಿಸುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ.

ನಮ್ಮ ಹಳೆಯ ಟಿವಿಯಲ್ಲಿ ಕೆಲವು ದಿನಗಳಿಂದ ಎಲ್ಲರೂ ಹಳದಿಯಾಗಿದ್ದರು. “ಸುದ್ದಿ ಓದಾಕಿಗಿ ಕಾಮಾಲಿ ಆದಂಗ ಕಾಣ್ತದ, ನೋಡಾಕ ಆಗವಲ್ದು” ಎಂದು ನನ್ನ ಹೆಂಡತಿ ಕಮಲಾ ದಿನವೂ ಮರುಗುತ್ತಿದ್ದಳು. ಗೃಹಸಭೆ ಸೇರಿ, ಗೋಡೆಯನ್ನೆಲ್ಲ ಅಳೆದು, ನಲವತ್ಮೂರು ಇಂಚಿನದು ಸಾಕೆಂದು ತೀರ್ಮಾನವಾಯಿತು. ಅದಕ್ಕಿಂತ ದೊಡ್ಡದು ತಂದರೆ ನಮ್ಮ ಪಡಸಾಲೆಯಲ್ಲಿ ಟಿವಿ ಒಳಗಿದ್ದು ನಾವು ಬೀದಿಯಲ್ಲಿ ನಿಂತು ನೋಡಬೇಕಾಗುತ್ತಿತ್ತು.

ಅಂಗಡಿಗೆ ಹೋಗಿ ನೋಡಿದೆ. ಅಲ್ಲಿ ಎಲ್ಲ ಟಿವಿಗಳಲ್ಲೂ ಒಂದೇ ಗಿಳಿ, ಒಂದೇ ಕಿತ್ತಳೆ ಹಣ್ಣು. ನಮ್ಮ ಮನೆಯಲ್ಲಿ ಗಿಳಿ ನೋಡುವವರು ಯಾರು? ನಾವು ನೋಡುವುದು ಧಾರಾವಾಹಿ. ಅದರಲ್ಲಿ ಅತ್ತೆ ಸೊಸೆಯರು ಕತ್ತಲಲ್ಲಿ ನಿಂತು ಪಿತೂರಿ ಮಾಡುತ್ತಾರೆ. ಆ ಕತ್ತಲಲ್ಲಿ ಅತ್ತೆ ಯಾರು, ಸೊಸೆ ಯಾರು ಎಂದು ಸ್ಪಷ್ಟವಾಗಿ ತಿಳಿಯಬೇಕು. ಆದ್ದರಿಂದ ಯಾರಾದರೂ ಸಂಸಾರಸ್ಥರ ಮನೆಯಲ್ಲಿ ಬಳಕೆಯಲ್ಲಿರುವ ಟಿವಿಯನ್ನೇ ಕಣ್ಣಾರೆ ಕಂಡು, ಆಮೇಲೆ ಅಂಥದೇ ಹೊಸದನ್ನು ಅದೇ ಊರಿನ ಅಂಗಡಿಯಿಂದ ಹೊತ್ತು ತರತಕ್ಕದ್ದು ಎಂದು ನಿರ್ಣಯಿಸಿದೆ.

ಗೆಳೆಯ ಬಂಡೆಪ್ಪನಿಗೆ ವಿಷಯ ತಿಳಿಸಿದೆ. ಅವನು ವಿಮೆ ಏಜೆಂಟ. ಆದರೆ ಅವನ ಕಿಸೆಯಲ್ಲಿ ಪಾಲಿಸಿಯ ಕಾಗದಗಳಿಗಿಂತ ಮದುವೆಗೆ ಬಂದ ಗಂಡುಹೆಣ್ಣುಗಳ ಫೋಟೋಗಳೇ ಹೆಚ್ಚು. ಸಂಬಂಧ ಕುದುರಿಸುವುದು ಅವನಿಗೊಂದು ಚಟ.

“ಹುಮನಾಬಾದಿನಾಗ ಕಾಶಪ್ಪ ಅಂತ ನಮ್ಮವರು ಅದಾರ. ನೀ ಹೇಳೂದು ಬರೋಬ್ಬರಿ ಅಂಥದೇ ಅದ ಅವರ ಮನ್ಯಾಗ. ನನ್ನ ಹೆಸರು ಹೇಳಿ ಹೋಗು” ಎಂದು ಅವರ ನಂಬರು ಕೊಟ್ಟ.

ನಾನು ಕೂಡಲೇ ಫೋನ್ ಮಾಡಿದೆ. “ಬಂಡೆಪ್ಪ ಹೇಳ್ಯಾರ್ರಿ, ನಿಮ್ಮ ಮನ್ಯಾಗ ಛಲೋದು ಒಂದು ಅದ ಅಂತ. ನೋಡಾಕ ಬರಬೇಕಂತ ಮಾಡೀವ್ರಿ.”

ಆ ಕಡೆ ಕಾಶಪ್ಪನವರ ದನಿಗೆ ಬೆಣ್ಣೆ ಸವರಿದಂತಾಯಿತು. “ಬರ್ರಿ ಬರ್ರಿ, ಐತವಾರ ಬರ್ರಿ. ಯಾರ್ಯಾರು ಬರ್ತೀರಿ?”

“ನಾನು, ನಮ್ಮ ಮನಿಯಾಕಿ, ಮತ್ತ ಅಕಿ ತಮ್ಮ. ಅವನೇ ಮುಖ್ಯ ನೋಡ್ರಿ. ಪಸಂದ್ ಬಿತ್ತಂದ್ರ ಹೊತ್ಕೊಂಡು ಹೋಗಾಂವ ಅವನೇ.”

ಕಾಶಪ್ಪನವರು ನಾಚಿಕೊಂಡು ನಕ್ಕರು. ಟಿವಿಯ ವಿಷಯಕ್ಕೆ ನಾಚುವವರನ್ನು ನಾನು ಅದೇ ಮೊದಲು ಕಂಡದ್ದು.

ಇಲ್ಲಿ ಒಂದು ವ್ಯಾಕರಣದ ಮಾತು ಹೇಳಬೇಕು. ನಮ್ಮ ಬೀದರ ಸೀಮೆಯಲ್ಲಿ ಮನೆಯ ಹೆಣ್ಣುಮಕ್ಕಳನ್ನು ‘ಅದು’ ಎನ್ನುತ್ತೇವೆ. ‘ನಮ್ಮ ಪೋರಿ ಬಂತು, ಉಂಡ್ತು, ಸಾಲಿಗಿ ಹೋತು’ ಎಂದು ಪ್ರೀತಿಯಿಂದಲೇ ಅನ್ನುವುದು. ಟಿವಿಯನ್ನೂ ‘ಅದು’ ಎನ್ನುತ್ತೇವೆ. ಕಾಶಪ್ಪನವರಿಗೆ ಮದುವೆಗೆ ಬಂದ ಮಗಳೊಬ್ಬಳಿದ್ದಳು. ‘ನೋಡಾಕ ಬರ್ತೀವಿ’ ಎಂದವರಿಗೆ, ಅದೂ ಬಂಡೆಪ್ಪನ ಹೆಸರು ಹೇಳಿದವರಿಗೆ, ಏನು ನೋಡಲು ಎಂದು ಯಾವ ತಂದೆ ಕೇಳುತ್ತಾನೆ? ಬೆಂಗಳೂರಿನವರಾಗಿದ್ದರೆ ‘ಅವಳು’ ಎಂದು ಎರಡನೆಯ ಮಾತಿಗೇ ಗುಟ್ಟು ಒಡೆಯುತ್ತಿತ್ತು. ನಮ್ಮಲ್ಲಿ ಒಡೆಯಲಿಲ್ಲ. ಇದೆಲ್ಲ ನನಗೆ ಆಮೇಲೆ ಹೊಳೆದದ್ದು.

ಕಮಲಾಳ ತಮ್ಮ ಶರಣುವಿನ ಸಂಗತಿ ಬೇರೆ. ಅವನು ಹೆದ್ದಾರಿಯ ಬಂಗ್ಲಾ ಕ್ರಾಸಿನ ಹತ್ತಿರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅವನಿಗೆ ಹೆಣ್ಣು ನೋಡಿ ನೋಡಿ ನಮಗೆ ಉಪ್ಪಿಟ್ಟೆಂದರೆ ಹೊಟ್ಟೆ ತೊಳಸುವಂತಾಗಿತ್ತು. ಕಡೆಯ ಮನೆಯಲ್ಲಿ ಒಬ್ಬಾಕೆ ಅವನಿಗೆ ಕೇಳುವಂತೆಯೇ “ಉಗುರಾಗ ಆಯಿಲ್ ಅದ ನೋಡು” ಎಂದಿದ್ದಳು. ಅಂದು ಮನೆಗೆ ಬಂದವನೇ, “ಅಕ್ಕಾ, ಇನ್ನೊಮ್ಮೆ ನನಗ ಹಂಗ ನಾಲ್ಕು ಮಂದಿ ಮುಂದ ಕೂಡ್ಸಿದ್ರ ನಿನ್ನ ಮನಿ ಹೊಸ್ತಿಲ ತುಳಿಯಂಗಿಲ್ಲ” ಎಂದ. ಆಡಿದ ಮಾತನ್ನು ನಡೆಸುವ ಹುಡುಗ. ಕಮಲಾಳಿಗೆ ತವರೆಂದು ಉಳಿದಿರುವವನು ಅವನೊಬ್ಬನೇ.

ಟಿವಿ ಹೊರಲು ಬಾ ಎಂದದ್ದಕ್ಕೆ ಅವನು ಖುಷಿಯಿಂದ ಟೆಂಪೊ ತಂದ. ಪರರ ಮನೆಗೆ ಹೋಗುವುದೆಂದು ಕಮಲಾ ಅವನಿಗೆ ಇಸ್ತ್ರಿ ಅಂಗಿ ಹಾಕಿಸಿ ತಲೆ ಬಾಚಿಸಿದಳು.

ಮಾಣಿಕನಗರದ ರಸ್ತೆಯಲ್ಲಿ ಕಾಶಪ್ಪನವರ ಮನೆ. ಬಾಗಿಲಲ್ಲಿ ರಂಗೋಲಿ. ಒಳಗೆ ಸಾಲಾಗಿ ಕುರ್ಚಿ, ಕುರ್ಚಿಗಳ ತುಂಬ ಬಂಧುಗಳು. ಎಲ್ಲರೂ ಎದ್ದು ನಿಂತರು. ಕಾಲಿಗೆ ನೀರು ಕೊಟ್ಟರು. ಸುಸಲಾ, ಮಿರ್ಚಿ ಭಜಿ, ಬೇಸನ್ ಉಂಡಿ ಬಂದವು. ಒಂದು ಟಿವಿ ನೋಡಲು ಬಂದವರಿಗೆ ಇಷ್ಟು ಆದರ ತೋರುವ ಊರು ಭೂಮಿಯ ಮೇಲೆ ಇದೆಯೆಂದು ನನಗೆ ತಿಳಿದಿರಲಿಲ್ಲ. ನಾನು ದಂಗಾದೆ.

ಎದುರು ಗೋಡೆಗೆ ಟಿವಿ ಇತ್ತು. ಆದರೆ ಕಸೂತಿಯ ಬಟ್ಟೆ ಹೊದಿಸಿದ್ದರು. “ತೋರಸ್ರಲ್ಲ” ಎಂದೆ.

“ಜರಾ ತಡೀರಿ, ತಯಾರ್ ಆಗಾಕತ್ತದ” ಎಂದರು ಕಾಶಪ್ಪನವರು. ಕೆಲವು ಟಿವಿಗಳು ಶುರುವಾಗಲು ತಡ ಮಾಡುತ್ತವೆ ಎಂದು ಕೇಳಿದ್ದೆ. ಇದೊಂದು ದೋಷವೆಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡು ಪರೀಕ್ಷೆ ಆರಂಭಿಸಿದೆ.

“ಎಷ್ಟು ಆತ್ರಿ ಇದಕ್ಕ?”

“ಇಪ್ಪತ್ತಾರು ತುಂಬ್ಯಾದ್ರಿ.”

ತಿಂಗಳು ಎಂದುಕೊಂಡೆ. “ಏನರ ತಕಲೀಫ್ ಕೊಟ್ಟದೇನು?”

“ಬಿಲ್ಕುಲ್ ಇಲ್ರಿ. ಒಂದು ದಿನಾನೂ ಕೊಟ್ಟಿಲ್ಲ.”

“ಆವಾಜ್?”

“ಬಾಳ ಛಲೋ ಅದ. ಭಜನಿ ಪದ ಅಂತೂ ಕೇಳೇ ಕೇಳಬೇಕು.”

“ಬಾಳ ಹೊತ್ತಾದ್ರ ಬಿಸಿ ಗಿಸಿ ಆಗ್ತದೇನ್ರಿ?”

“ಇದರ ಅವ್ವ ಆಗ್ತಾಳ್ರಿ, ಇದು ಆಗಂಗಿಲ್ಲ.”

ಮನೆಯೆಲ್ಲ ನಕ್ಕಿತು. ‘ಅವ್ವ’ ಎಂದರೆ ಮೊದಲಿದ್ದ ಡಬ್ಬಿ ಟಿವಿ ಇರಬೇಕೆಂದು ನಾನೂ ನಕ್ಕೆ. ಪಕ್ಕದಲ್ಲಿ ಕಮಲಾ ನನ್ನ ತೊಡೆ ಚಿವುಟಿದಳು. ಅವಳ ಮುಂದೆ ಆಗಷ್ಟೇ ಯಾರೋ ಅರಿಶಿನ ಕುಂಕುಮದ ತಟ್ಟೆ ತಂದಿಟ್ಟಿದ್ದರು. ಉಡಿಯಕ್ಕಿಯೂ ಇತ್ತು. ಅವಳ ಮುಖ ಬಿಳಿಚಿತ್ತು. ಪರೀಕ್ಷೆ ಸಾಕು ಎನ್ನುತ್ತಿದ್ದಾಳೆಂದು ತಿಳಿದು ನಾನು ಇನ್ನಷ್ಟು ಉತ್ಸಾಹದಿಂದ ಮುಂದುವರಿದೆ.

“ನಮಗೇನು ಹೆಚ್ಚಿನ ಆಸೆ ಇಲ್ರಿ. ಮಂದಿ ಬಂದಾಗ ಪಡಸಾಲ್ಯಾಗ ಛಂದ ಕಾಣಬೇಕು, ಅಷ್ಟೇ. ಗ್ವಾಡಿಗಿ ತೂಗು ಹಾಕಬೇಕೋ, ಟೇಬಲ್ ಮ್ಯಾಲ ನಿಂದ್ರಸಬೇಕೋ, ಅದೊಂದು ಇನ್ನಾ ವಿಚಾರ ಮಾಡಿಲ್ಲ.”

ಮೂಲೆಯಲ್ಲಿದ್ದ ಮುದುಕಿಯೊಬ್ಬಳ ಕೈಯಿಂದ ಬೇಸನ್ ಉಂಡಿ ಜಾರಿ ಬಿತ್ತು. ಕಾಶಪ್ಪನವರ ನಗು ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಒಳಗಿನಿಂದ ಜರಿ ಸೀರೆಯ ಹುಡುಗಿಯೊಬ್ಬಳು ಚಹಾದ ತಟ್ಟೆ ಹಿಡಿದು ಬಂದು ನನ್ನ ಮುಂದೆ, ಸರಿಯಾಗಿ ಟಿವಿಗೆ ಅಡ್ಡವಾಗಿ, ನಿಂತಳು.

ಆಗ ನಾನು ಆಡಿದ ಮಾತನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

“ತಂಗಿ, ಜರಾ ಬಾಜೂಕ ಸರಿಯವ್ವಾ. ನಾವು ನೋಡಾಕ ಬಂದದ್ದು ಕಾಣವಲ್ದು.”

ಹುಡುಗಿ ಸರಿಯಲಿಲ್ಲ. ತಟ್ಟೆ ಹಿಡಿದೇ ನನ್ನನ್ನು ನೇರವಾಗಿ ನೋಡಿ ಕೇಳಿದಳು: “ನೀವು ಏನು ನೋಡಾಕ ಬಂದೀರಿ?”

“ಟಿವಿ” ಎಂದೆ.

ಎಂದ ಮೇಲೆ ನನಗೆ ಎಲ್ಲವೂ ಒಮ್ಮೆಲೇ ಕಂಡವು. ಜರಿ ಸೀರೆ, ಉಡಿಯಕ್ಕಿ, ಬಂಧುಗಳು, ಇಪ್ಪತ್ತಾರು. ಬಾಯೊಳಗಿನ ಭಜಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಒಬ್ಬರ ಮಗಳನ್ನು ಅವರ ಮನೆಯಲ್ಲೇ ಕೂತು, ಅವರ ಉಂಡಿಯನ್ನೇ ತಿನ್ನುತ್ತ, ಗೋಡೆಗೆ ತೂಗುಹಾಕುತ್ತೇನೆ ಎಂದಿದ್ದೆ! ಕಾಶಪ್ಪನವರು ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟರು.

ಶರಣು ಎದ್ದು ನಿಂತಿದ್ದ. ಅವನ ಮುಖ ನೋಡಲಾಗುತ್ತಿರಲಿಲ್ಲ. “ಅಕ್ಕಾ, ಸುಳ್ಳ ಹೇಳಿ ಕರ್ಕೊಂಡು ಬಂದೀ?” ಎಂದ ಮೆಲ್ಲಗೆ.

“ದೇವರಾಣಿ ನನಗ ಗೊತ್ತಿಲ್ಲೋ. ಇವ್ರಿಗೂ ಗೊತ್ತಿಲ್ಲ. ಇವ್ರಿಗಿ ಏನೂ ಗೊತ್ತಾಗಂಗಿಲ್ಲ” ಎಂದು ಕಮಲಾ ಅಳತೊಡಗಿದಳು. ನನ್ನ ಪರವಾಗಿ ಅವಳು ನುಡಿದ ಸಾಕ್ಷಿ ಅದೊಂದೇ.

ಹುಡುಗಿಯ ಹೆಸರು ಭಾಗ್ಯಶ್ರೀ. ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ. ಆಕೆ ತಟ್ಟೆಯನ್ನು ಕೆಳಗಿಟ್ಟು ತಂದೆಯ ಕಡೆ ತಿರುಗಿದಳು. “ಅಪ್ಪಾ, ನನಗ ಅದು ಇದು ಅನಬ್ಯಾಡಂತ ಎಷ್ಟು ಸಲ ಹೇಳೇನಿ? ಈಗ ನೋಡು.” ಆಕೆ ಕಣ್ಣು ಒರೆಸಿಕೊಂಡು, ಬಾಗಿಲ ಕಡೆ ಹೊರಟಿದ್ದ ಶರಣುವನ್ನು ಕೇಳಿದಳು: “ನೀವೂ ಟಿವಿ ನೋಡಾಕೇ ಬಂದೀರೇನ್ರಿ?”

“ಇಲ್ರಿ” ಎಂದ ಅವನು, ನೆಲ ನೋಡುತ್ತ. “ನಾ ಹೊರಾಕ ಬಂದೀನಿ.”

ಆಕೆಗೆ ನಗು ತಡೆಯಲಾಗಲಿಲ್ಲ. ಮೊದಲು ಸೆರಗು ಬಾಯಿಗಿಟ್ಟುಕೊಂಡಳು, ಆಮೇಲೆ ಅದನ್ನೂ ಬಿಟ್ಟಳು. “ಚಹಾ ಕುಡದು ಹೋಗ್ರಿ, ಆರ್ತದ” ಎಂದಳು.

ಶರಣು ನಿಂತೇ ಲೋಟ ತೆಗೆದುಕೊಂಡ. ಎಲ್ಲರೂ ತನ್ನ ಕೈ ನೋಡುತ್ತಿದ್ದಾರೆಂದು ಅನಿಸಿತೇನೋ, ಕೇಳದೆಯೇ ಹೇಳಿದ: “ಗ್ಯಾರೇಜ್ ನನ್ದಲ್ರಿ, ಕೆಲಸಕ್ಕ ಅದೀನಿ. ಉಗುರಾಗ ಆಯಿಲ್ ಇರ್ತದ, ಹೋಗಂಗಿಲ್ಲ.”

“ಇರಲಿ ಬಿಡ್ರಿ. ನನ್ನ ಕೈಯಾಗ ದಿನಾ ಮಂದಿ ರಕ್ತ ಇರ್ತದ.”

ಅವನು ಕುರ್ಚಿಯ ಮೇಲೆ ಕುಳಿತ. ಅವರಿಬ್ಬರೂ ಏನೋ ಮಾತಾಡಿದರು. ನಾನು ಆ ಹೊತ್ತಿನಲ್ಲಿ ನನ್ನ ಚಪ್ಪಲಿಗಳನ್ನು ಹುಡುಕುತ್ತಿದ್ದೆ.

ಹಿಂತಿರುಗುವಾಗ ಟೆಂಪೊ ರಾಜೇಶ್ವರ ದಾಟುವವರೆಗೂ ಕಮಲಾ ಬಾಯಿ ತೆರೆಯಲಿಲ್ಲ. ತೆರೆದ ಮೇಲೆ ಬಸವಕಲ್ಯಾಣದವರೆಗೂ ಮುಚ್ಚಲಿಲ್ಲ. ಶರಣು ಮಾತ್ರ ಏನನ್ನೂ ಕೇಳಿಸಿಕೊಳ್ಳದೆ ಸಿಳ್ಳೆ ಹಾಕುತ್ತ ಗಾಡಿ ಓಡಿಸಿದ.

ಒಂದು ವಾರವೂ ಆಗಿರಲಿಲ್ಲ, ಬಂಡೆಪ್ಪ ಓಡಿ ಬಂದ. “ಹುಡುಗಿಗಿ ಶರಣು ಪಸಂದ್ ಅದಾನ. ಮಾತುಕತಿಗಿ ಕರದಾರ. ಆದ್ರ ಒಂದೇ ಒಂದು ಕರಾರ್ ಅದ. ಗ್ವಾಡಿಗಿ ತೂಗು ಹಾಕಾವ್ರು ನಡುವ ಬಾಯಿ ಹಾಕಬಾರದಂತ.”

ಈ ಕರಾರಿಗೆ ಶರಣು ಒಪ್ಪಿದ. ಕಮಲಾ ಅವನಿಗಿಂತ ಮೊದಲೇ ಒಪ್ಪಿದಳು. ನನ್ನನ್ನು ಯಾರೂ ಕೇಳಲಿಲ್ಲ.

ಮಾತುಕತೆಯ ದಿನ ಎಲ್ಲರೂ ಒಳಕೋಣೆಯಲ್ಲಿ ಸೇರಿದರು. ಕಾಶಪ್ಪನವರು ನನ್ನ ಕೈ ಹಿಡಿದು ಕರೆತಂದು ಪಡಸಾಲೆಯ ಕುರ್ಚಿಯಲ್ಲಿ ಕೂರಿಸಿ, ಟಿವಿಯ ಮೇಲಿನ ಬಟ್ಟೆ ತೆಗೆದರು. “ಅವತ್ತು ನಿಮಗ ಸರಿಯಾಗಿ ನೋಡಾಕ ಆಗಲಿಲ್ಲ. ಈಗ ಆರಾಮ್ ನೋಡ್ರಿ” ಎಂದು ಹೇಳಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಕರೆಂಟ್ ಇರಲಿಲ್ಲ.

ಒಳಗೆ ಮದುವೆ ನಿಶ್ಚಯವಾಗುತ್ತಿತ್ತು. ಹೊರಗೆ ನಾನು ಕಪ್ಪು ಪರದೆಯ ಎದುರು ಕುಳಿತಿದ್ದೆ. ಮಧ್ಯಮ ಗಾತ್ರದ, ಚಪ್ಪಟೆ ಮುಖದ, ಆವಾಜ್ ಶುರುವಾದರೆ ಕೆಲಸ ಕೆಡಿಸುವ ಒಂದು ಮಾದರಿ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಮಾಡಲು ಬೇರೆ ಕೆಲಸವಿಲ್ಲದ್ದರಿಂದ ಅದನ್ನು ಎಲ್ಲ ಕೋನಗಳಿಂದಲೂ ಪರೀಕ್ಷಿಸಿದೆ. ಕಮಲಾಳ ತವರಿನವರು ಗಂಡು ನೋಡಲು ಬಂದ ದಿನ ಇದನ್ನು ಸರಿಯಾಗಿ ನೋಡಿರಲಿಲ್ಲವೆಂದು ಕಾಣುತ್ತದೆ.