ಹುಳಿ ನಿಮ್ಮ ಇಷ್ಟ

ಮನೆಯಲ್ಲಿ ಕೂತು ಮಾಡುವ ಕೆಲಸವನ್ನು ಕೆ. ಹೊಸಕೋಟೆಯಲ್ಲಿ ಯಾರೂ ಕೆಲಸವೆಂದು ಒಪ್ಪುವುದಿಲ್ಲ. ನವೀನ್‌ಕುಮಾರನ ದೊಡ್ಡ ದುಃಖ ಇದೇ. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಜಗಲಿಯ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂತರೆ ಸಾಕು, ದಾರಿಯಲ್ಲಿ ಹೋಗುವವರೆಲ್ಲ "ಬಿಡುವಾಗಿದ್ದೀಯಲ್ಲ ಮಾರಾಯ" ಎಂದು ಒಂದೊಂದು ಕೆಲಸ ಒಪ್ಪಿಸಿ ಹೋಗುತ್ತಿದ್ದರು. ಒಬ್ಬರ ಪಹಣಿ ತರಲು ಆಲೂರಿಗೆ ಹೋಗಬೇಕು. ಇನ್ನೊಬ್ಬರ ಗ್ಯಾಸ್ ಬುಕ್ ಮಾಡಬೇಕು. ಮತ್ತೊಬ್ಬರ ಹಸು ಬೇಲಿ ಹಾರದಂತೆ ಅರ್ಧ ಗಂಟೆ ನೋಡಿಕೊಳ್ಳಬೇಕು. (ಹಸು ಹಾರಿತು. ಆ ಹೊತ್ತಿನಲ್ಲಿ ಅವನು ಅಕ್ಕಿರೊಟ್ಟಿಯ ಬಗ್ಗೆ ಬರೆಯುತ್ತಿದ್ದ.)

ಹಾಸನದಲ್ಲಿದ್ದ ಗೊಬ್ಬರ ಮಾರುವ ಕೆಲಸವನ್ನು ಬಿಟ್ಟು ಬಂದು ಅವನು ಸ್ವತಂತ್ರ ಬ್ಲಾಗ್ ಬರಹಗಾರನಾಗಿ ಎರಡು ವರ್ಷವಾಗಿತ್ತು. ಬ್ಲಾಗಿನ ಹೆಸರು 'ಮಲೆಸೀಮೆ ಊಟ'. ನಮ್ಮ ಕಡೆಯ ಅಡುಗೆಗಳನ್ನು ಲೋಕಕ್ಕೆ ಪರಿಚಯಿಸುವುದು ಅವನ ಜೀವನೋದ್ದೇಶ. ಅವನ ಬರಹ ಓದಿದವರ ಬಾಯಲ್ಲಿ ನೀರೂರುತ್ತಿತ್ತು ಎನ್ನುವುದು ಸುಳ್ಳಲ್ಲ. ಆದರೆ ಅವನು ಇದುವರೆಗೆ ಒಲೆಯ ಮೇಲೆ ಇಟ್ಟದ್ದು ಸ್ನಾನದ ನೀರು ಮಾತ್ರ. ತಾಯಿ ಇಂದ್ರಮ್ಮ ಮಾಡುತ್ತಿದ್ದರು, ಹೆಂಡತಿ ಶೀಲಾ ಬಡಿಸುತ್ತಿದ್ದಳು, ಅವನು ತಿಂದು ಬರೆಯುತ್ತಿದ್ದ.

"ಒಂದ್ಸಲ ನಿಮ್ಮ ಕೈಯಾರೆ ಮಾಡಿ ನೋಡಿ ಬರೀರಿ," ಎಂದು ಶೀಲಾ ಹೇಳುತ್ತಲೇ ಇದ್ದಳು.

"ವಿಮಾನದ ಬಗ್ಗೆ ಬರೆಯೋನು ವಿಮಾನ ಹಾರಿಸ್ಬೇಕಾ?" ಎಂದು ಅವನು ಗಂಭೀರವಾಗಿ ಕೇಳುತ್ತಿದ್ದ.

ಶೀಲಾ ಅಂಗನವಾಡಿ ಟೀಚರ್. ಇಪ್ಪತ್ತೆರಡು ಮಕ್ಕಳನ್ನು ಒಟ್ಟಿಗೆ ಮಲಗಿಸಬಲ್ಲ ಹೆಂಗಸಿಗೆ ಒಬ್ಬ ಗಂಡನ ವಾದ ಯಾವ ಲೆಕ್ಕ. ಆಷಾಢ ಹುಟ್ಟಿದ ದಿನವೇ ಅವಳು ತೀರ್ಪು ಕೊಟ್ಟಳು.

"ರೀ, ಗೌರಿ ಹಬ್ಬದವರೆಗೂ ನೋಡ್ತೀನಿ. ಅಷ್ಟ್ರೊಳಗೆ ತಿಂಗ್‌ತಿಂಗಳೂ ನಿಲ್ಲೋ ಅಂಥ ಒಂದು ಬರೆಯೋ ಕೆಲ್ಸ ಹಿಡ್ಕೊಳ್ಳಿ. ಇಲ್ಲಾಂದ್ರೆ ಅಣ್ಣನ ಅಂಗ್ಡೀಲಿ ಜಾಗ ಐತೆ."

ಅಣ್ಣನೆಂದರೆ ಧರ್ಮ. ಆಲೂರಿನಲ್ಲಿ ಅವನದು ಪೈಪು, ಮೊಳೆ, ನಲ್ಲಿಗಳ ಅಂಗಡಿ. ಒಳ್ಳೆಯ ಮನುಷ್ಯ. ಆದರೆ ಅಂಗಡಿಯಲ್ಲಿ ನಿಲ್ಲುವವರು ಬೆಳಿಗ್ಗೆ ಬಂದೊಡನೆ ಫೋನನ್ನು ಗಲ್ಲಾದೊಳಗೆ ಇಟ್ಟು, ಸಂಜೆ ಹೋಗುವಾಗ ತೆಗೆದುಕೊಳ್ಳಬೇಕೆಂಬ ನಿಯಮ ಮಾಡಿದ್ದ. ತಂಗಿಯ ಗಂಡನಿಗೂ ವಿನಾಯಿತಿ ಇರಲಿಲ್ಲ. ಮೊಳೆ ತೂಗುತ್ತಾ ಆಯುಷ್ಯ ಕಳೆಯುವುದನ್ನು ನೆನೆಸಿಕೊಂಡರೆ ನವೀನನಿಗೆ ಊಟ ಸೇರುತ್ತಿರಲಿಲ್ಲ. (ಸೇರದ ಊಟದ ಬಗ್ಗೆಯೂ ಅವನು ಒಂದು ಲೇಖನ ಬರೆದ.)

ಅಂಥ ಹೊತ್ತಿನಲ್ಲಿ ವಾಣಿ ಮೇಡಂ ಫೋನ್ ಮಾಡಿದರು. ಸಕಲೇಶಪುರದ ಆಚೆ ಅವರದೊಂದು ಹೋಂಸ್ಟೇ. ತಮ್ಮ ಅತಿಥಿಗಳಿಗಾಗಿ ತಿಂಗಳಿಗೆ ಎರಡು ಲೇಖನ ಬರೆಯುವವರು ಬೇಕು, ಒಂದು ವರ್ಷದ ಒಪ್ಪಂದ. ಮೊದಲು ಮಳೆಗಾಲದ ಒಂದು ಅಡುಗೆಯ ಬಗ್ಗೆ ಬರೆದು ಕಳಿಸಬೇಕು. ಅದನ್ನು ನೋಡಿಕೊಂಡೇ ಅವರ ಅಡುಗೆಯವನು ಭಾನುವಾರದ ಊಟಕ್ಕೆ ಮಾಡುತ್ತಾನೆ. ಮೈಸೂರಿನಿಂದ ಬರುವ ಎಂಟು ಜನರಿಗೆ ಮೆಚ್ಚುಗೆಯಾದರೆ ಕೆಲಸ ಖಾಯಂ.

ನವೀನ ಪತ್ರೊಡೆಯನ್ನು ಆರಿಸಿಕೊಂಡ. ಕೆಸುವಿನ ಎಲೆಗೆ ಅಕ್ಕಿ, ಕಾಯಿ, ಮೆಣಸಿನಕಾಯಿ ರುಬ್ಬಿದ ಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಿ, ಬಿಲ್ಲೆ ಕತ್ತರಿಸುವ ತಿಂಡಿ. ಹುಟ್ಟಿದಾಗಿನಿಂದ ತಿಂದದ್ದು. ಅಂದೇ ಇಂದ್ರಮ್ಮ ತೋಟದ ತಗ್ಗಿನಿಂದ ಒಂದು ಹೊರೆ ಕೆಸು ಕೊಯ್ದು ತಂದಿದ್ದರು. ಶೀಲಾ ಅಂಗನವಾಡಿಗೆ ಹೋಗಿದ್ದಳು. ಅವನು ನೋಟ್‌ಬುಕ್ ಹಿಡಿದು ಅಡುಗೆಮನೆಯ ಹೊಸ್ತಿಲಿನ ಮೇಲೆ ಕೂತ.

ಇಲ್ಲಿ ನಮ್ಮ ಕಡೆಯ ಮನೆಗಳ ಒಂದು ಪದ್ಧತಿಯನ್ನು ಹೇಳಬೇಕು. ಕೆಸು ಮನೆಯೊಳಗೆ ಬಂದ ಮೇಲೆ ಅದನ್ನು ಬೇಯಿಸಿ ತಿಂದು ಮುಗಿಸುವವರೆಗೂ ಒಂದು ಮಾತನ್ನು ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ಸೊಪ್ಪು ಕೇಳಿಸಿಕೊಳ್ಳುತ್ತದೆ, ಕೇಳಿಸಿಕೊಂಡದ್ದನ್ನು ಮಾಡಿ ತೋರಿಸುತ್ತದೆ ಎಂದು ಇಂದ್ರಮ್ಮನ ಅತ್ತೆ ಕಲಿಸಿದ್ದರು. ಹೆಂಗಸರು ಒಬ್ಬರನ್ನು ನೋಡಿ ಒಬ್ಬರು ಕಲಿತರು, ಆ ಮಾತು ಬರಲೇ ಇಲ್ಲ. ತಿಂದು ಮುಗಿದ ಮೇಲೆ ಹೇಳುವ ಅಗತ್ಯವೇ ಬೀಳಲಿಲ್ಲ. ಹೀಗಾಗಿ ಅಡುಗೆಮನೆಗೆ ಕಾಲಿಡದ ನವೀನನ ಕಿವಿಗೆ ಮೂವತ್ತನಾಲ್ಕು ವರ್ಷವಾದರೂ ಆ ವಿಷಯ ಬಿದ್ದಿರಲಿಲ್ಲ.

"ಅವ್ವ, ಹುಣಸೆಹಣ್ಣು ಎಷ್ಟು?"

"ದೊಡ್ಡ ನಿಂಬೆಹಣ್ಣಿನ ಗಾತ್ರ. ಇನ್ನೊಂಚೂರು ಜಾಸ್ತೀನೇ ಇರ್ಲಿ."

"ಅಷ್ಟೊಂದು ಯಾಕೆ? ನಂಗೆ ಹುಳಿ ತಿಂದ್ರೆ ಎದೆ ಉರೀತೈತೆ."

ಇಂದ್ರಮ್ಮ ಮಡಿಲಲ್ಲಿದ್ದ ಎಲೆಗಳ ಕಡೆ ಒಮ್ಮೆ ನೋಡಿದರು. "ಹಾಕ್ಬೇಕು ಕಣೋ."

"ಅದೇ, ಯಾಕೆ ಹಾಕ್ಬೇಕು ಅಂತ ಕೇಳ್ತಿದೀನಿ."

"ಯಾಕೆ ಅಂದ್ರೆ, ಹಾಕ್ಬೇಕು."

"ರುಚಿಗಾ?"

"ರುಚಿಗೇ ಅನ್ಕೋ. ಈಗ ಎದ್ದೋಗು ಮಾರಾಯ, ಈ ಸೊಪ್ಪಿನ್ ಮುಂದೆ ಕೂತ್ಕೊಂಡು ಏನೇನೋ ಕೇಳ್ಬ್ಯಾಡ."

ನವೀನನಿಗೆ ಹಿರಿಯರ ಮೇಲೆ ಮರುಕ ಹುಟ್ಟಿತು. ಕಾರಣ ತಿಳಿಯದೆ ತಲೆತಲಾಂತರದಿಂದ ಹುಣಸೆಹಣ್ಣು ಕಿವುಚುತ್ತಿರುವ ಈ ತಾಯಂದಿರನ್ನು ಬಿಡುಗಡೆ ಮಾಡುವುದು ತನ್ನ ಹೊಣೆ ಎನಿಸಿತು. ಲೇಖನದ ಕೊನೆಯಲ್ಲಿ ಹೀಗೆ ಬರೆದ: 'ಹುಣಸೆಹಣ್ಣು ಹಾಕುವುದು ಹಿಂದಿನಿಂದ ಬಂದ ರೂಢಿ. ಏಕೆಂದು ಹಿರಿಯರಿಗೂ ತಿಳಿದಿಲ್ಲ. ಎದೆಯುರಿ ಇರುವವರು ಧಾರಾಳವಾಗಿ ಬಿಡಬಹುದು. ಹುಳಿ ನಿಮ್ಮ ಇಷ್ಟ.' ಕೊನೆಯ ಸಾಲು ಅವನಿಗೆ ಎಷ್ಟು ಹಿಡಿಸಿತೆಂದರೆ ಅದನ್ನೇ ತಲೆಬರಹ ಮಾಡಿದ. ಶೀಲಾ ಬಂದು ಓದಲು ಕೇಳಿದಾಗ "ಎಲ್ಲರ ಜೊತೆ ನೀನೂ ಓದುವಿಯಂತೆ" ಎಂದ. ಅದಾಗಲೇ ಕಳಿಸಿಬಿಟ್ಟಿದ್ದ.

ವಾಣಿ ಮೇಡಂಗೆ ತುಂಬಾ ಇಷ್ಟವಾಯಿತು. ಬರುವ ಎಂಟು ಜನರಲ್ಲಿ ಮೂವರಿಗೆ ಅಸಿಡಿಟಿ ಇತ್ತಂತೆ. ಲೇಖನವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಹೋಂಸ್ಟೇ ಅಡುಗೆಮನೆಯ ಗೋಡೆಗೆ ಅಂಟಿಸಿದರು.

ಭಾನುವಾರ ಬೆಳಿಗ್ಗೆ ಆ ಅಡುಗೆಮನೆಯಲ್ಲಿ ನಡೆದದ್ದು ನವೀನನಿಗೆ ಆಮೇಲೆ ತಿಳಿಯಿತು. ಅಡುಗೆಯ ಬೋರಯ್ಯ ಕುಂದೂರು ಕಡೆಯವನು, ಹಳೇ ಕೈ. ಎಲೆಯ ನಾರು ಹೆರೆಯುತ್ತಾ ಕೇಳಿದನಂತೆ: "ಅಮ್ಮಾವ್ರೆ, ಹುಣಸೆಹಣ್ಣು ನೆನೆಹಾಕ್ಲಾ?"

"ಬೇಡ ಬೋರಯ್ಯ. ಲೇಖನದಲ್ಲಿ ನಮ್ಮಿಷ್ಟ ಅಂತ ಇದೆ."

"ಹಾಕಿದ್ರೆ ಒಳ್ಳೇದು, ಅಮ್ಮಾವ್ರೆ."

"ಯಾಕೆ?"

ಬೋರಯ್ಯ ಕೈಯಲ್ಲಿದ್ದ ಎಲೆಯನ್ನು ನೋಡಿದ. "ಹಾಕಿದ್ರೆ ಒಳ್ಳೇದು," ಎಂದು ಮತ್ತೊಮ್ಮೆ ಹೇಳಿ ಸುಮ್ಮನಾದ. ಹಾಸ್ಟೆಲಿನಲ್ಲಿ ಓದಿ ಬೆಳೆದ ವಾಣಿ ಮೇಡಂಗೆ ನಮ್ಮ ಅಡುಗೆಮನೆಗಳ ಮೌನದ ಅರ್ಥ ಆಗುವಂತಿರಲಿಲ್ಲ.

ಮಧ್ಯಾಹ್ನ ನವೀನನನ್ನು ಮುಖ್ಯ ಅತಿಥಿಯ ಜಾಗದಲ್ಲಿ ಕೂರಿಸಿದರು. ಹಬೆಯಾಡುವ ಪತ್ರೊಡೆ ಬಂತು. ಲೇಖಕನಾದವನು ಮಾದರಿಯಾಗಿರಬೇಕೆಂದು ಅವನು ಎಲ್ಲರಿಗಿಂತ ಮೊದಲು ಆರು ಬಿಲ್ಲೆ ತಿಂದು, ಎದ್ದು ನಿಂತು ಭಾಷಣ ಆರಂಭಿಸಿದ.

"ನಮ್ಮ ಹಿರಿಯರು ಪ್ರಕೃತಿಯ ಮಡಿಲಲ್ಲಿ..."

ಮೂರನೆಯ ವಾಕ್ಯಕ್ಕೆ ಗಂಟಲು ಹಿಡಿಯಿತು. ಯಾರೋ ಒಳಗೆ ತೆಂಗಿನ ನಾರು ಹಾಕಿ ತಿಕ್ಕುತ್ತಿರುವ ಹಾಗೆ. ಎರಡು ವರ್ಷದ ತಪಸ್ಸು ಫಲಿಸುವ ಗಳಿಗೆ, ಭಾವೋದ್ವೇಗವಿರಬೇಕು ಎಂದುಕೊಂಡು ಅವನು ಮುಂದುವರಿಸಿದ. ಎದುರಿಗಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರರ ಕಣ್ಣಲ್ಲೂ ನೀರು ಬಂತು. ತನ್ನ ಮಾತಿಗೆ ಇಷ್ಟು ಶಕ್ತಿ ಇದೆಯೆಂದು ಅವನಿಗೇ ಗೊತ್ತಿರಲಿಲ್ಲ. ಮ್ಯಾನೇಜರರು ನೀರು ಕುಡಿದರು. ಅವರ ಹೆಂಡತಿ ಅದೇ ಲೋಟ ಕಿತ್ತುಕೊಂಡು ಕುಡಿದರು. ಸ್ವಲ್ಪ ಹೊತ್ತು ಎಲ್ಲರೂ ಸಭ್ಯತೆಯಿಂದ, ತಮಗೊಬ್ಬರಿಗೇ ಏನೋ ಆಗಿದೆ ಎಂಬಂತೆ ಸುಮ್ಮನೆ ಕೂತರು. ಆಮೇಲೆ ಎಂಟು ಜನವೂ ಒಟ್ಟಿಗೆ ಗಂಟಲು ಕೆರೆಯತೊಡಗಿದರು. ನವೀನನ ಭಾಷಣ ಬರೀ ಗಾಳಿಯಾಗಿ ಹೊರಬರತೊಡಗಿತು.

"ಬೋರಯ್ಯ, ಏನಿದು?" ಎಂದರು ವಾಣಿ ಮೇಡಂ.

ಬೋರಯ್ಯ ಬಾಗಿಲಲ್ಲೇ ನಿಂತಿದ್ದ. ಅವನು ಒಂದು ಬಿಲ್ಲೆಯನ್ನೂ ಮುಟ್ಟಿರಲಿಲ್ಲ. ಪಾತ್ರೆಯೊಳಗೆ ಇಣುಕಿ, ಖಾಲಿಯಾಗಿದೆಯೆಂದು ಖಚಿತಪಡಿಸಿಕೊಂಡ.

"ಸೊಪ್ಪು ಮುಗೀತಲ್ಲ ಅಮ್ಮಾವ್ರೆ, ಈಗ ಹೇಳಬೌದು," ಎಂದ. "ತುರಿಕೆ."

ಹುಣಸೆಹಣ್ಣು, ಬೆಲ್ಲ ಕದಡಿದ ನೀರನ್ನು ಅವನು ಮೊದಲೇ ಮಾಡಿಟ್ಟಿದ್ದ. ಎಲ್ಲರಿಗೂ ಒಂದೊಂದು ಲೋಟ ಕೊಟ್ಟ. ಎದೆಯುರಿ ಇದ್ದ ಮೂವರು ಎರಡೆರಡು ಲೋಟ ಕೇಳಿ ಕುಡಿದರು.

ಮರುದಿನ ಬೆಳಿಗ್ಗೆಯೂ ನವೀನನಿಗೆ ಸ್ವರ ಬಂದಿರಲಿಲ್ಲ. ವಾಣಿ ಮೇಡಂ ಫೋನ್ ಬಂದಾಗ ಅವನು ಅದನ್ನು ಶೀಲಾಳ ಕೈಗೆ ಕೊಟ್ಟು, ಗೋಡೆಗೆ ಒರಗಿ, ಧರ್ಮನ ಗಲ್ಲಾಪೆಟ್ಟಿಗೆಯನ್ನು ಕಣ್ಣ ಮುಂದೆ ತಂದುಕೊಂಡ. ಶೀಲಾ ಬಹಳ ಹೊತ್ತು "ಹೂಂ ಮೇಡಂ, ಹೂಂ" ಎನ್ನುತ್ತಿದ್ದಳು. ಗಂಡನ ಮುಖವನ್ನೊಮ್ಮೆ ನೋಡಿದಳು.

"ಬರೆಯೋದು ಅವ್ರು ಚೆನ್ನಾಗೇ ಬರೀತಾರೆ ಮೇಡಂ," ಎಂದಳು. "ನಾನು ಒಂದೂ ಬಿಡ್ದೆ ಓದೀನಿ. ಅಕ್ಕಿರೊಟ್ಟಿದು ನಾಲ್ಕು ಸಲ ಓದೀನಿ. ಕೈಗೆ ಹಿಟ್ಟು ಅಂಟಿಲ್ಲ, ಅಷ್ಟೇ ಕೊರತೆ."

ಒಂದೂ ಬಿಡದೆ ಓದಿದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿ ಬಂತು. (ಕೆಸುವಿನದೇ ಇರಬೇಕೆಂದು ಆಮೇಲೆ ಸಮಜಾಯಿಷಿ ಕೊಟ್ಟ.) ಅಷ್ಟರಲ್ಲಿ ಶೀಲಾ ಅವನ ಭವಿಷ್ಯವನ್ನು ಇತ್ಯರ್ಥ ಮಾಡುತ್ತಿದ್ದಳು. ಅವನಿಗೋ ತಕರಾರು ಎತ್ತಲು ಸ್ವರವಿರಲಿಲ್ಲ. ಯಾವ ಅಡುಗೆಯೇ ಇರಲಿ, ಅವನೇ ತನ್ನ ಕೈಯಾರೆ ಮೂರು ಸಲ ಮಾಡತಕ್ಕದ್ದು. ಮೊದಲ ತುತ್ತು ಅವನೇ ತಿನ್ನತಕ್ಕದ್ದು. ಒಂದು ದಿನ ಕಾದು ನೋಡಿ, ಏನೂ ಆಗದಿದ್ದರೆ ಮಾತ್ರ ಲೇಖನ ಕಳಿಸತಕ್ಕದ್ದು. ವಾಣಿ ಮೇಡಂ ಒಪ್ಪಿದರು. ಒಂದು ವರ್ಷದ ಒಪ್ಪಂದ ಆಯಿತು. ಮೊದಲ ಕೆಲಸ, ಪತ್ರೊಡೆಯ ಲೇಖನವನ್ನು ತಿದ್ದಿ ಬರೆಯುವುದು.

ಈಗ ನವೀನ ಬೆಳಿಗ್ಗೆ ಸ್ನಾನ ಮಾಡಿ ಅಡುಗೆಮನೆಗೆ ಹೋಗುತ್ತಾನೆ. ಇಸ್ತ್ರಿ ಅಂಗಿ ಗೂಟದಲ್ಲೇ ಇದೆ. ಕಾಯಿ ತುರಿಯುತ್ತಾನೆ, ರುಬ್ಬುತ್ತಾನೆ, ಪಾತ್ರೆ ತೊಳೆಯುತ್ತಾನೆ. ಇಂದ್ರಮ್ಮ ಜಗಲಿಯಲ್ಲಿ ಅವನ ಕುರ್ಚಿಯ ಮೇಲೆ ಕೂತು ಎಲೆಅಡಿಕೆ ಹಾಕುತ್ತಾರೆ. ದಾರಿಯಲ್ಲಿ ಹೋಗುವವರು ಕಿಟಕಿಯಲ್ಲಿ ಇಣುಕಿ, "ಕೆಲ್ಸದಾಗವ್ನೆ, ಪಾಪ" ಎಂದು ಹೊರಟುಹೋಗುತ್ತಾರೆ. ಪಹಣಿ, ಗ್ಯಾಸು, ಹಸು ಯಾವುದೂ ಅವನ ತಲೆಗೆ ಬರುವುದಿಲ್ಲ. ಊರು ಕೊನೆಗೂ ಅವನನ್ನು ಉದ್ಯೋಗಸ್ಥನೆಂದು ಒಪ್ಪಿತು.

ತಿದ್ದಿದ ಲೇಖನ ಬ್ಲಾಗಿನಲ್ಲೂ ಹೊರಬಂದ ಎರಡನೇ ದಿನ ಅವನು ಮತ್ತೆ ಪತ್ರೊಡೆಗೆ ಕೂತಿದ್ದ. ಮಡಿಲಲ್ಲಿ ಎಲೆಯ ರಾಶಿ, ಮೊಣಕೈವರೆಗೆ ಹಿಟ್ಟು. ಫೋನ್ ಗುಣುಗುಟ್ಟಿತು. ಮೇಘಾ ಎಂಬ ಓದುಗಿ ಅದರ ಕೆಳಗೆ ಕೇಳಿದ್ದಳು: 'ಹುಣಸೆಹಣ್ಣು ಹಾಕಲೇಬೇಕು ಎಂದು ಬರೆದಿದ್ದೀರಿ. ಯಾಕೆ?'

ನವೀನ ಒಂದು ಬೆರಳು ಒರೆಸಿಕೊಂಡ. ಬಾಯಿಬಿಟ್ಟು ಹೇಳಬಾರದು ಸರಿ, ಬರೆಯಬಹುದೇ? ಸೊಪ್ಪಿಗೆ ಓದಲು ಬರುತ್ತದೋ ಇಲ್ಲವೋ. ಗಂಟಲು ಮುಟ್ಟಿ ನೋಡಿಕೊಂಡ. ಮಡಿಲಿನ ಎಲೆಗಳ ಕಡೆ ಒಮ್ಮೆ ನೋಡಿ, 'ಹಾಕಬೇಕು' ಎಂದು ಬರೆದು ಕಳಿಸಿದ.

'ಅದೇ, ಯಾಕೆ?'

'ಯಾಕೆಂದರೆ, ಹಾಕಬೇಕು.'

ಸ್ವಲ್ಪ ಹೊತ್ತಿಗೆ ಮೇಘಾ ಬರೆದಳು: 'ಕಾರಣ ಗೊತ್ತಿಲ್ಲದವರೆಲ್ಲ ಯಾಕಾದರೂ ಅಡುಗೆಯ ಬಗ್ಗೆ ಬರೆಯುತ್ತಾರೋ.'

ನವೀನ ಅದನ್ನು ಎರಡು ಸಲ ಓದಿದ. ಆಮೇಲೆ ಫೋನನ್ನು ಬೋರಲು ಹಾಕಿ, ಮುಂದಿನ ಎಲೆಗೆ ಹಿಟ್ಟು ಸವರಿದ.