ಮೂರು ಮಂದಿಯ ಬುತ್ತಿ

ದೇವಾನಂದನಿಗೆ ಒಳ್ಳೆಯ ವಿಚಾರಗಳು ಹೊಳೆಯುವುದು ಅಪರೂಪ. ಹೊಳೆದರೆ ಮಾತ್ರ ಅದರ ಕಸ ಗುಡಿಸಲು ಮನೆಯವರಿಗೆ ಮುಂದಿನ ಹಬ್ಬದವರೆಗೂ ಕೆಲಸ ಸಿಗುತ್ತದೆ. ಕೊರೊನಾ ಬಂದ ವರ್ಷ, ಎಳ್ಳ ಅಮಾವಾಸ್ಯೆ ಹತ್ತಿರ ಬರುತ್ತಿರುವಾಗ, ವಿಜಯಪುರದ ತನ್ನ ಮನೆಯ ಬಚ್ಚಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಅವನಿಗೆ ಅಂಥದೊಂದು ಹೊಳೆಯಿತು. ನೊರೆ ಉಗುಳಿ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಜಿಲ್ಲಾಡಳಿತದ ಧಾಟಿಯಲ್ಲಿ ಆಜ್ಞೆ ಹೊರಡಿಸಿದ: ಈ ಸಲ ಹೊಲದ ಊಟಕ್ಕೆ ಮೂರೇ ಮಂದಿ. ತಾನು, ಹೆಂಡತಿ ಕಸ್ತೂರಿ, ತಾಯಿ ಸಾವಂತ್ರವ್ವ. ನಾಲ್ಕನೆಯ ನರಪಿಳ್ಳೆ ಇಲ್ಲ.

ಸಜ್ಜೆ ಹಸನು ಮಾಡುತ್ತಿದ್ದ ಕಸ್ತೂರಿಯ ಕೈಯಲ್ಲಿ ಮೊರ ನಿಂತಿತು.

"ಮೂರ ಮಂದಿಗೆ ಅಡಗಿ ಮಾಡೂದು ಹ್ಯಾಂಗ್ರಿ?" ಎಂದಳು.

ವ್ಯಂಗ್ಯವಲ್ಲ, ಅದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಎಳ್ಳ ಅಮಾವಾಸ್ಯೆಗೆ ಅವಳು ಜನರನ್ನು ಎಣಿಸಿ ಹಿಟ್ಟು ನಾದಿದವಳೇ ಅಲ್ಲ. ಘೋಣಸಗಿಯ ಹೊಲಕ್ಕೆ ಟ್ರ್ಯಾಕ್ಟರ್ ತುಂಬ ಬಳಗ, ಅದರ ಹಿಂದೆ ಇನ್ನೊಂದು ಟ್ರ್ಯಾಕ್ಟರಿನಲ್ಲಿ ಸಜ್ಜೆ ರೊಟ್ಟಿ, ಜೋಳದ ಕಡಬು, ಶೇಂಗಾ ಹೋಳಿಗೆ, ಎಣಗಾಯಿ, ಪುಂಡಿಪಲ್ಯ. ಎಷ್ಟು ಬಾಯಿ ಬಂದರೂ ಕಸ್ತೂರಿಯ ಬುತ್ತಿಯ ತಳ ಕಂಡಿದ್ದಿಲ್ಲ. ಅದೊಂದು ವಿಷಯದಲ್ಲಿ ಅವಳಿಗೆ ಸ್ವಲ್ಪ ಗರ್ವವೇ ಇತ್ತು. (ಉಳಿದ ವಿಷಯಗಳಲ್ಲಿ ಸ್ವಲ್ಪವಲ್ಲ, ಆದರೆ ಅದನ್ನು ಹೇಳುವ ಧೈರ್ಯ ದೇವಾನಂದನಿಗೇ ಇಲ್ಲ, ನಮಗೇಕೆ.)

ಆಜ್ಞೆಗೆ ಕಾರಣ ಇರಲಿಲ್ಲ ಎನ್ನುವಂತಿಲ್ಲ. ಸಾವಂತ್ರವ್ವನಿಗೆ ದಮ್ಮು. ಲಾಕ್‌ಡೌನ್ ಶುರುವಾದಾಗಿನಿಂದ ಮುದುಕಿ ಹೊಸ್ತಿಲು ದಾಟಿರಲಿಲ್ಲ. ಮಗ ದಾಟಗೊಟ್ಟಿರಲಿಲ್ಲ ಎನ್ನುವುದು ಹೆಚ್ಚು ಸರಿ. ಕಿಟಕಿಯ ಪಕ್ಕ ಕುಳಿತು, ರಸ್ತೆಯಲ್ಲಿ ಹೋಗುವ ಮಾಸ್ಕುಗಳನ್ನು ನೋಡಿ ಯಾರು ಯಾರೆಂದು ನಡಿಗೆಯಿಂದಲೇ ಗುರುತಿಸುವುದು ಅವಳ ಏಕೈಕ ವಿನೋದವಾಗಿತ್ತು. ಅಂಥವಳು ದೀಪಾವಳಿಗೆ ಏನನ್ನೂ ಕೇಳಲಿಲ್ಲ, ದಸರೆಗೂ ಕೇಳಲಿಲ್ಲ. ಇದೊಂದನ್ನು ಕೇಳಿದಳು.

"ಹೊಲಕ್ಕ ಚರಗ ಚೆಲ್ಲಿ, ಬನ್ನಿಗಿಡದ ಬುಡಕ ಕುಂತು ನಾಕ ತುತ್ತ ಉಂಡು ಬರ್ತೀನಪಾ. ಆಮ್ಯಾಲ ನೀ ಬೇಕಾದ್ರ ನನಗ ಕೀಲಿ ಹಾಕ್ಕೋ."

ಬೆಳೆದು ನಿಂತ ಬಿಳಿಜೋಳದ ಹೊಲಕ್ಕೆ ಹಬ್ಬದ ಅಡುಗೆಯೆಲ್ಲದರಿಂದ ತುಸು ತುಸು ತೆಗೆದು ಕಲಸಿ ಚೆಲ್ಲಿ, ಭೂಮಿತಾಯಿಗೆ ಉಣಿಸಿದ ಮೇಲೆ ತಾವು ಉಣ್ಣುವುದು; ಚರಗ ಎಂದರೆ ಅಷ್ಟೇ. ಅದನ್ನು ಬೇಡವೆನ್ನಲು ದೇವಾನಂದನಿಗೆ ಬಾಯಿ ಬರಲಿಲ್ಲ. ಹಾಗಾಗಿ ಮೂರು ಮಂದಿ, ಹಳೆಯ ಕಾರು, ಒಂದು ಪುಟ್ಟ ಬುಟ್ಟಿ. ರೊಟ್ಟಿ, ಕಡಬು, ಹೋಳಿಗೆ ಎಲ್ಲವೂ ತಲೆಗೆ ಎರಡು.

ಕಸ್ತೂರಿ ಬಹಳ ಹೊತ್ತು ಯೋಚಿಸಿ ಒಂದು ಕರಾರು ಹಾಕಿದಳು. "ನಾಲ್ಕನೇದವರು ಯಾರರ ಬಂದ್ರ ನಿಮ್ಮ ಪಾಲಿಂದ ತಗದು ಕೊಡೂದು. ನನ್ನ ಬುತ್ತಿ ಸಾಲಲಿಲ್ಲ ಅಂತ ಮಂದಿ ಅನ್ನಬಾರದು."

"ಬಂದ್ರ ತಾನ?" ಎಂದು ದೇವಾನಂದ ಉದಾರವಾಗಿ ಒಪ್ಪಿದ.

ಇಲ್ಲಿ ಅವನು ಮರೆತದ್ದು ಒಂದೇ: ತನ್ನ ನಾಲಿಗೆಯನ್ನು.

ನಮ್ಮ ಕಡೆ ಆ ದಿನ ಹೊಲದಲ್ಲಿ ಊಟಕ್ಕೆ ಕುಳಿತವರು ದಾರಿಯಲ್ಲಿ ಹೋಗುವವರನ್ನು ಕರೆಯದೆ ಬಿಡುವುದಿಲ್ಲ. "ಬರ್ರಿ ಊಟಕ್ಕ" ಎನ್ನಬೇಕು. ದಾರಿಹೋಕರು "ಆಗ್ಲಿ, ನಿಮ್ದಾಗ್ಲಿ" ಎನ್ನಬೇಕು. ಇವರು ಮತ್ತೆ ಕರೆಯಬೇಕು, ಅವರು ಮತ್ತೆ ಬೇಡವೆನ್ನಬೇಕು. ಮೂರನೆಯ ಸಲ ಕೈ ಹಿಡಿದು ಎಳೆದರೆ ಮಾತ್ರ ಕೂರಬೇಕು. ಮೊದಲ ಕರೆಗೇ ಬಂದು ಕುಳಿತವನನ್ನು ಈ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಮೊದಲ ಕರೆ ಎಂದರೆ ಒಂದು ನಮಸ್ಕಾರವಿದ್ದಂತೆ. ನಮಸ್ಕಾರ ಎಂದ ಮಾತ್ರಕ್ಕೆ ಯಾರೂ ನಿಮ್ಮ ಕೈಯನ್ನು ಕಿತ್ತುಕೊಂಡು ಹೋಗುವುದಿಲ್ಲವಲ್ಲ.

ಅಮಾವಾಸ್ಯೆಯ ದಿನ ಎಲ್ಲವೂ ಆಜ್ಞೆಯಂತೆಯೇ ನಡೆಯಿತು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರನ್ನು ಕೂರಿಸಿದರು. (ಪಾಂಡವರು ಐವರೂ ಒತ್ತೊತ್ತಾಗಿಯೇ ಕುಳಿತರು, ಅವರಿಗೆ ಅಂತರದ ನಿಯಮ ಇರಲಿಲ್ಲ.) ದೇವಾನಂದ ಚರಗ ಚೆಲ್ಲುತ್ತ ಮುಂದೆ, ಕಸ್ತೂರಿ ನೀರು ಚಿಮುಕಿಸುತ್ತ ಹಿಂದೆ. ಸಾವಂತ್ರವ್ವ ಗಿಡದ ನೆರಳಲ್ಲಿ ಕುಳಿತು, ತೆನೆ ತಲೆದೂಗುವುದನ್ನು ನೋಡುತ್ತ, ಮಾಸ್ಕನ್ನು ಗದ್ದಕ್ಕೆ ಇಳಿಸಿ ಎದೆ ತುಂಬ ಗಾಳಿ ಎಳೆದುಕೊಂಡಳು. ಕೆಮ್ಮು ಬರಲಿಲ್ಲ.

ಬುತ್ತಿ ಬಿಚ್ಚಿದರು. ದೇವಾನಂದ ತನ್ನ ಪಾಲಿನ ಎರಡು ಶೇಂಗಾ ಹೋಳಿಗೆಗಳನ್ನು ತಟ್ಟೆಯ ಅಂಚಿಗೆ ಸರಿಸಿ ಇಟ್ಟುಕೊಂಡ. ವರ್ಷಕ್ಕೊಮ್ಮೆ ಕಸ್ತೂರಿ ಮಾಡುವ ಹೋಳಿಗೆ. ಕೊನೆಯಲ್ಲಿ ತಿನ್ನಬೇಕೆಂದು ಅವನ ಬಯಕೆ. ಮೊದಲ ತುತ್ತು ಮುರಿಯುವಷ್ಟರಲ್ಲಿ ರಸ್ತೆಯ ಮೇಲೆ ಧೂಳೆದ್ದಿತು. ಮಮದಾಪುರದ ಕುರಿಗಾರ ತುಕಾರಾಮ ಹಿಂಡು ಹೊಡೆದುಕೊಂಡು ಬರುತ್ತಿದ್ದ, ಜೊತೆಗೆ ಅವನ ಹೆಂಡತಿ ರಾಚವ್ವ.

ಕಸ್ತೂರಿ ಗಂಡನ ಮುಖ ನೋಡಿದಳು. "ಮಾಸ್ಕ್ ಏರಸ್ರಿ," ಎಂದಳು ಮೆಲ್ಲಗೆ. "ಬಾಯಿ ಮುಚ್ಚಿದ್ರ ಛಲೋ."

ಅವನು ಏರಿಸಿದ. ಆದರೆ ಅಜ್ಜ, ಅಪ್ಪ ಎಲ್ಲರೂ ಅದೇ ಬದುವಿನ ಮೇಲೆ ನಿಂತು ಕರೆದ ಕರೆ ಒಂದು ಬಟ್ಟೆಯ ತುಂಡಿಗೆ ಹೆದರುತ್ತದೆಯೇ? ಮಾಸ್ಕಿನೊಳಗಿಂದ ಕೇಳಿಸದೆಂದು ಅವನ ನಾಲಿಗೆ ಎಂದಿಗಿಂತ ತುಸು ಎತ್ತರದ ದನಿಯಲ್ಲೇ ಹೇಳಿಬಿಟ್ಟಿತು: "ಬರ್ರಿ ಊಟಕ್ಕ."

ತುಕಾರಾಮ ನಿಂತ. ಹಿಂಡು ನಿಂತಿತು. "ಆಗ್ಲಿ" ಎನ್ನುವ ಉತ್ತರಕ್ಕೆ ದೇವಾನಂದ ಆಗಲೇ ತಲೆಯಾಡಿಸಲು ಶುರು ಮಾಡಿದ್ದ. ತುಕಾರಾಮ ಕೋಲನ್ನು ಬದುವಿಗೆ ಊರಿ ಹೊಲದೊಳಕ್ಕೆ ಇಳಿದ. ರಾಚವ್ವ ಸೆರಗು ಸರಿಪಡಿಸಿಕೊಂಡು ಹಿಂದೆ ಬಂದಳು. ಹತ್ತು ಮಾರು ದೂರದಲ್ಲಿ ಇಬ್ಬರೂ ಕುಕ್ಕರುಗಾಲಲ್ಲಿ ಕುಳಿತರು.

ಕುಳಿತ ಮೇಲೆ ತುಕಾರಾಮನಿಗೇ ನಾಚಿಕೆಯಾಯಿತು.

"ತಪ್ಪ ತಿಳೀಬ್ಯಾಡ್ರಿ ಸಾಹೇಬ್ರ," ಎಂದ. "ಹೋದ ಬ್ಯಾಸಗಿಂದ ಹಿಡದು ಯಾವ ಊರಾಗೂ ನಮ್ಮನ್ನ ನಿಂದ್ರಗೊಟ್ಟಿಲ್ಲ. ನೀರ ಕೇಳಿದ್ರೂ ದೂರ ದೂರ ಅಂದಾರ. ಇವತ್ತ ನೀವು ಕರದ್ರಿ. ಒಲ್ಲೆ ಅಂದು ಹೋದ್ರ ಎರಡನೇ ಸಲ ಕರೀತೀರೋ ಇಲ್ಲೋ ಅಂತ ಹೆದರಿಕಿ ಬಂತ್ರಿ. ಬಂದಬಿಟ್ವಿ."

ಕಸ್ತೂರಿ ಎದ್ದು, ಕರಾರಿನಂತೆ, ಗಂಡನ ತಟ್ಟೆಯಿಂದ ಎರಡೂ ಹೋಳಿಗೆ ತೆಗೆದು ಅವರಿಬ್ಬರಿಗೆ ಹಾಕಿದಳು. ಹಾಕುವಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು.

ಸಾವಂತ್ರವ್ವ ಗಿಡದ ಬುಡದಿಂದಲೇ ಕೂಗಿ ರಾಚವ್ವನ ತವರು ಯಾವುದು, ಕುರಿ ಎಷ್ಟು ಮರಿ ಹಾಕಿವೆ, ಮಮದಾಪುರದ ಕೆರೆಗೆ ನೀರು ಬಂದಿದೆಯೇ ಎಂದು ವಿಚಾರಿಸತೊಡಗಿದಳು. ರಾಚವ್ವನೂ ಅಷ್ಟೇ ದೊಡ್ಡ ದನಿಯಲ್ಲಿ ಉತ್ತರಿಸಿದಳು. ಅಂತರ ಕಾಪಾಡಿ ಆಡುವ ಕುಶಲೋಪರಿ ಅರ್ಧ ಘೋಣಸಗಿಗೆ ಕೇಳುವಂತಿತ್ತು.

ಅದನ್ನು ಕೇಳಿಯೇ ಇರಬೇಕು, ಶಿವಾಜಿ ಮಾಸ್ತರರ ಸ್ಕೂಟರು ರಸ್ತೆಯಲ್ಲಿ ನಿಧಾನಿಸಿತು. ಟಿಕೋಟದ ಈ ನಿವೃತ್ತ ಮಾಸ್ತರರು ಬೇಡವೆನ್ನುವುದರಲ್ಲಿ ಪ್ರಸಿದ್ಧರು. ಸ್ವಂತ ಮಗಳ ಮದುವೆಯಲ್ಲೂ ಇವರನ್ನು ಊಟಕ್ಕೆ ಎಬ್ಬಿಸಲು ಬೀಗರೇ ಬರಬೇಕಾಯಿತಂತೆ. ಇವರನ್ನು ಕರೆದರೆ ಯಾವ ಅಪಾಯವೂ ಇಲ್ಲವೆಂದು ದೇವಾನಂದ ನಿಶ್ಚಿಂತೆಯಿಂದ ಕರೆದ. ಮಾಸ್ತರರು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದರು. ಜೇಬಿನಿಂದ ಸ್ಯಾನಿಟೈಸರ್ ತೆಗೆದು ಕೈಗೆ ಹಚ್ಚಿಕೊಂಡು ಬಂದು ಕುಳಿತು, ಮನೆಯಲ್ಲಿ ಗೋಡೆಗಳಿಗೆ ಪಾಠ ಹೇಳಿ ಸಾಕಾಗಿದೆ ಎಂದರು. ದೇವಾನಂದನ ತಟ್ಟೆಯಿಂದ ರೊಟ್ಟಿ, ಕಡಬು, ಎಣಗಾಯಿ ಎದ್ದು ಹೋದವು.

ಈಗ ತಟ್ಟೆಯಲ್ಲಿ ಉಳಿದದ್ದು ಒಂದು ರೊಟ್ಟಿ, ನಂಜಿಕೊಳ್ಳಲು ಅಗಸೆ ಹಿಂಡಿ, ಒಂದು ಹಸಿಮೆಣಸಿನಕಾಯಿ. ಇಷ್ಟಾದರೂ ಉಳಿಯಲೆಂದು ಅವನು ರಸ್ತೆಗೆ ಬೆನ್ನು ಮಾಡಿ ಕುಳಿತ. ಕಾಣದಿದ್ದರೆ ಕರೆಯುವ ಪ್ರಶ್ನೆಯೇ ಇಲ್ಲ. ಆದರೆ ಸಾವಂತ್ರವ್ವ ರಸ್ತೆಗೆ ಮುಖ ಮಾಡಿಯೇ ಕುಳಿತಿದ್ದಳಲ್ಲ.

"ಲೇ ದೇವಾ, ಗಾಡಿ ಬರಾಕತ್ತೈತಿ ನೋಡು. ಕರೀ."

"ಅದು ಟೆಂಪೋ ಬೇ. ನಿಂದ್ರಾಂಗಿಲ್ಲ."

"ನಿಂದ್ರಾಂಗಿಲ್ಲ ಅಂದ್ರ ಕರಿಯಾಕ ಏನ ತ್ರಾಸ ನಿನಗ? ನಿಮ್ಮಪ್ಪ ಬಸ್ಸಿನ್ಯಾಗ ಹೋಗೂವ್ರನ್ನೂ ಕರೀತಿದ್ದ."

ವಾದದಲ್ಲಿ ತಥ್ಯವಿತ್ತು. ಓಡುವ ಟೆಂಪೋ ಎಂದಾದರೂ ಊಟಕ್ಕೆ ನಿಂತದ್ದುಂಟೇ? ದೇವಾನಂದ ಎದ್ದು ನಿಂತು, ತಾಯಿಯ ಸಮಾಧಾನಕ್ಕೆಂದು, ಕೈ ಬೀಸಿ ಕರೆದ. ಟೆಂಪೋ ಬ್ರೇಕು ಕಿರುಗುಟ್ಟಿಸಿ ನಿಂತಿತು. ದ್ರಾಕ್ಷಿ ತೋಟದ ಅರ್ಧ ದಿನದ ಕೆಲಸ ಮುಗಿಸಿ ಹೊರಟಿದ್ದ ಹೆಂಗಸರು ಟೆಂಪೋ ತುಂಬ ಇದ್ದರು. ಮುಂದಾಳು ಸುಗರಾಬಿ ಮೊದಲು ಇಳಿದು, ಸಾವಂತ್ರವ್ವನನ್ನು ದೂರದಿಂದಲೇ ಗುರುತಿಸಿದಳು.

"ಅಯ್ಯ, ಸಾವಂತ್ರಕ್ಕ ಬದಕ್ಯಾಳ," ಎಂದು ಹಿಂದಿನವರಿಗೆ ಸಾರಿದಳು. "ಸಿಟಿಯಾಗ ಹೋಗ್ಯಾಳಂತ ಸುದ್ದಿ ಇತ್ತು."

ಸಾವಂತ್ರವ್ವ ನಕ್ಕಳು. ಮಾರ್ಚಿನಿಂದ ಆ ಮನೆಯಲ್ಲಿ ಯಾರೂ ಕೇಳಿರದ ನಗು. ದಮ್ಮಿನವರು ಅಷ್ಟು ನಗಬಾರದು ಎಂದು ಹೇಳಲು ಹೊರಟ ದೇವಾನಂದ ಅದರ ಬದಲು ಬಂದವರಿಗೆ ಬದುವಿನ ಮೇಲೆ ಜಾಗ ತೋರಿಸಿದ.

ಹೆಂಗಸರು ಬದುವಿನುದ್ದಕ್ಕೂ, ತಂತಿಯ ಮೇಲೆ ಗುಬ್ಬಿ ಕೂತಂತೆ, ಒಬ್ಬರಿಗೊಬ್ಬರು ಜಾಗ ಬಿಟ್ಟು ಕುಳಿತರು. ಕಸ್ತೂರಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಗಂಡನ ಕೊನೆಯ ರೊಟ್ಟಿಯ ಜೊತೆಗೆ ತನ್ನ ತಟ್ಟೆಯನ್ನೂ ಬುಟ್ಟಿಗೆ ಸುರಿದಳು. ರೊಟ್ಟಿಯನ್ನು ನಾಲ್ಕು ಮಾಡಿದಳು, ಕಡಬನ್ನು ಬೆರಳಷ್ಟು ತುಂಡು ಮಾಡಿದಳು, ಉಳಿದ ಪುಂಡಿಪಲ್ಯಕ್ಕೆ ಮೊಸರು ಕಲಸಿ ಹೆಚ್ಚಿಸಿದಳು. ಪ್ರತಿಯೊಂದು ಅಂಗೈಯಲ್ಲೂ ಏನಾದರೂ ಬಿದ್ದಿತು. ಬುಟ್ಟಿಯ ತಳ ಅವಳಿಗೊಬ್ಬಳಿಗೇ ಕಂಡಿತು. ಕಂಡ ಕೂಡಲೇ ಅದರ ಮೇಲೆ ಅರಿವೆ ಮುಚ್ಚಿದಳು. "ಇನ್ನೂ ಐತ್ರಿ, ಹಾಕ್ಸಿಗೋರಿ," ಎಂದು ಖಾಲಿ ಬುಟ್ಟಿಯ ಪಕ್ಕ ಕುಳಿತು ಅವಳು ಎಷ್ಟು ಠೀವಿಯಿಂದ ಉಪಚಾರ ಮಾಡಿದಳೆಂದರೆ ಎಲ್ಲರೂ ಸಾಕು ಸಾಕು ಎಂದರು.

ಎಲ್ಲರೂ ಹರಸಿ ಹೊರಟುಹೋದರು. ಹೊರಡುವ ಹೊತ್ತಿಗೆ ಸಾವಂತ್ರವ್ವ ಮಗನನ್ನು ಕೇಳಿದಳು, "ಹೊಟ್ಟಿ ತುಂಬ ಉಂಡಿ ಏನಪಾ?"

ಅವಳ ಮುಖ ಎಷ್ಟು ಬೆಳಗಿತ್ತೆಂದರೆ ನಿಜ ಹೇಳಲು ಅವನಿಗೆ ಮನಸ್ಸಾಗಲಿಲ್ಲ. "ಹೊಟ್ಟಿ ತುಂಬೇತಿ ಬೇ," ಎಂದು, ನಂಬಿಕೆ ಬರಲೆಂದು, ಹಸಿಮೆಣಸಿನಕಾಯಿಯ ಬಲದಿಂದ ಒಂದು ತೇಗನ್ನೂ ತೇಗಿದ.

ಕಾರು ಟಿಕೋಟ ದಾಟಿತು. ಹಿಂದಿನ ಸೀಟಿನಲ್ಲಿ ಸಾವಂತ್ರವ್ವ ತೂಕಡಿಸುತ್ತಿದ್ದಳು. ಪಕ್ಕದಲ್ಲಿ ಕಸ್ತೂರಿ ಮಾತಾಡಲಿಲ್ಲ. ಅವಳೂ ಬೆಳಗಿನಿಂದ ಏನೂ ಉಂಡಿರಲಿಲ್ಲ, ಮತ್ತು ಆ ಮೌನದಲ್ಲಿ ಮುಂದಿನ ಹಬ್ಬದವರೆಗೆ ಸಾಲುವಷ್ಟು ಮಾತಿತ್ತು.

ರಸ್ತೆಯ ಉಬ್ಬೊಂದರಲ್ಲಿ ಕಾರು ನಿಧಾನವಾಯಿತು. ಪಕ್ಕದ ಹೊಲದಲ್ಲಿ ಒಂದು ಸಂಸಾರ ಹೊತ್ತು ಮೀರಿ ಊಟಕ್ಕೆ ಕುಳಿತಿತ್ತು. ಎಳ್ಳು ಹಚ್ಚಿದ ರೊಟ್ಟಿಯ ಒಟ್ಟಿಲು, ಪಕ್ಕದಲ್ಲಿ ತಾಟು ತುಂಬ ಶೇಂಗಾ ಹೋಳಿಗೆ. ಬೆಲ್ಲದ ವಾಸನೆ ಕಾರಿನ ಕಿಟಕಿಯಿಂದ ನೇರ ಒಳಗೆ ಬಂದಿತು. ಮನೆಯ ಹಿರಿಯಳು, ಮಾಶಾಬಿ ಎಂದು ಯಾರೋ ಕರೆಯುತ್ತಿದ್ದರು, ಕೈ ಎತ್ತಿದಳು.

"ಬರ್ರಿ ಊಟಕ್ಕ."

ದೇವಾನಂದನ ಹೊಟ್ಟೆ ಹೂಂ ಎಂದಿತು. ಕಾಲು ಬ್ರೇಕು ಒತ್ತಿತು. ನಾಲಿಗೆ ಮಾತ್ರ ಮನೆತನದ ಪದ್ಧತಿಯಂತೆ ನುಡಿಯಿತು: "ಆಗ್ಲಿ, ನಿಮ್ದಾಗ್ಲಿ. ನಮ್ದು ಈಗಷ್ಟ ಆತ್ರಿ."

ಹೇಳಿ, ಎಂಜಿನ್ ಆರಿಸಿ, ಎರಡನೆಯ ಕರೆಗಾಗಿ ಕಾದ. ಎರಡನೆಯದು ಬಂದರೆ ಸಾಕು, ಮೂರನೆಯದಕ್ಕೆ ಕಾಯುವುದಿಲ್ಲ ಎಂದು ಒಳಗೇ ತೀರ್ಮಾನಿಸಿದ್ದ.

"ಇರ್ಲಿ ಬಿಡ್ರಿ," ಎಂದಳು ಮಾಶಾಬಿ, ಬಹಳ ಅಂತಃಕರಣದಿಂದ. "ಮೊದಲಾಗಿದ್ರ ಕೈ ಹಿಡದು ಕುಂದರಸ್ತಿದ್ದೆ. ಈಗ ಯಾರಿಗೂ ಒತ್ತಾಯ ಮಾಡಬಾರದು. ಕಾಲ ಹಂಗೈತಿ."

ಕಾರಿನ ಆ ಕಡೆಯ ಬಾಗಿಲು ತೆರೆದ ಸದ್ದಾಯಿತು. ಕಸ್ತೂರಿ ಇಳಿದಿದ್ದಳು.

"ಅವ್ರದು ಊಟ ಆಗೇತ್ರಿ ಅಕ್ಕಾರ," ಎಂದಳು, ಒಂದೊಂದೇ ಅಕ್ಷರ ತೂಗಿ. "ನಂದಾಗಿಲ್ಲ."

ಅವಳಿಗೆ ರೊಟ್ಟಿ ಬಂತು, ಎಣಗಾಯಿ ಬಂತು, ಎರಡು ಹೋಳಿಗೆ ಬಂದು ಅವುಗಳ ಮೇಲೆ ತುಪ್ಪ ಬಂತು. ಎಚ್ಚರಗೊಂಡ ಸಾವಂತ್ರವ್ವ ಕಿಟಕಿಯಿಂದ ತಲೆ ಹಾಕಿ, ನನ್ನ ಮಗ ಹೊಟ್ಟೆ ತುಂಬ ಉಂಡಿದ್ದಾನೆ, ತೇಗಿದ್ದನ್ನು ನಾನೇ ಕೇಳಿದ್ದೇನೆ ಎಂದು ಮಾಶಾಬಿಗೆ ಸಾಕ್ಷಿ ನುಡಿದಳು. ಆಮೇಲೆ ಯಾರಿಗೂ ಯಾವ ಸಂಶಯವೂ ಉಳಿಯಲಿಲ್ಲ. ದೇವಾನಂದ ಕಾರಿಗೆ ಒರಗಿ, ಮಾಸ್ಕು ಏರಿಸಿ, ಹೆಂಡತಿ ಎರಡನೆಯ ಹೋಳಿಗೆ ಮುರಿಯುವುದನ್ನು ನೋಡುತ್ತ ನಿಂತ.

ಅಷ್ಟರಲ್ಲಿ ಸೈಕಲ್ ತುಳಿಯುತ್ತ ಯಾರೋ ಒಬ್ಬ ಆ ದಾರಿಯಲ್ಲಿ ಬಂದ. ಊಟ ನಡೆದಿತ್ತು, ದಾರಿಹೋಕ ಎದುರಿಗಿದ್ದ. ಹೊಲ ಯಾರದು, ಬುತ್ತಿ ಯಾರದು ಎಂಬುದನ್ನೆಲ್ಲ ವಿಚಾರಿಸುವ ವ್ಯವಧಾನ ದೇವಾನಂದನ ನಾಲಿಗೆಗೆ ಎಲ್ಲಿಯದು?

"ಬರ್ರಿ ಊಟಕ್ಕ," ಎಂದ.

ಸೈಕಲ್ಲು ನಿಂತಿತು.