ಕೆಂಪು ಗೆರೆ, ನೀಲಿ ಚುಕ್ಕೆ

ಯಂತ್ರದ ಮುಳ್ಳು ಮತ್ತೆ ಇರಬೇಕಾದ್ದಕ್ಕಿಂತ ಮೂರು ಗೀಟು ಕೆಳಗೇ ನಿಂತಿತು. ಎಸೆನ್‌ಗುಲ್ ನಿಟ್ಟುಸಿರು ಬಿಟ್ಟು ಹಾಳೆಯ ಮೇಲೆ ನೀಲಿ ಚುಕ್ಕೆ ಇಟ್ಟ. ಎಲ್ಲರೂ ಅಗೈ ಎಂದು ಕರೆಯುವ ಪ್ರೊಫೆಸರ್ ಮಂಬೆತೊವರ ಸೂತ್ರ ಅಲ್ಲಿ ಕೆಂಪು ಗೆರೆಯಾಗಿ ಠೀವಿಯಿಂದ ಮೇಲೇರುತ್ತಿತ್ತು. ಇವನ ಚುಕ್ಕೆಗಳು ಅದರ ಕೆಳಗೆ ಕುಂಟುತ್ತಿದ್ದವು. ಗಾಜಿನ ಕೊಳವೆಯಲ್ಲಿ ಉಪ್ಪಿನ ದ್ರಾವಣ, ಹೊರಗೆ ಸುತ್ತಿದ ತಂತಿ, ತಂತಿಯಲ್ಲಿ ಸೆಕೆಂಡಿಗೆ ಕೋಟಿ ಸಲ ಹಿಂದೆಮುಂದೆ ಓಡುವ ವಿದ್ಯುತ್ತು. ದ್ರಾವಣವನ್ನು ಮುಟ್ಟದೆಯೇ ಅದರಲ್ಲಿ ಏನೆಷ್ಟಿದೆ ಎಂದು ಹೇಳಬೇಕಾದ ಯಂತ್ರ. ಎಂಟು ತಿಂಗಳಿಂದ ಅದು ಹೇಳಿದ್ದು ಒಂದೇ: ಪ್ರೊಫೆಸರರ ಸೂತ್ರಕ್ಕೂ ತನಗೂ ಆಗಿಬರುವುದಿಲ್ಲ.

ಸೋವಿಯತ್ ಕಾಲದ ಫ್ರುಂಜೆ ನಗರದ ಆ ಸಂಶೋಧನಾ ಸಂಸ್ಥೆ ಪ್ರತಿ ಅಕ್ಟೋಬರಿನಲ್ಲೂ ಒಂದಷ್ಟು ವಿಜ್ಞಾನಿಗಳನ್ನು ಲಾರಿಗೆ ತುಂಬಿ ಸಕ್ಕರೆ ಬೀಟ್‌ರೂಟ್ ಕೀಳಲು ಕಳಿಸುತ್ತಿತ್ತು. ಮೂರು ವರ್ಷ ಹೋಗಿಬಂದು ಎಸೆನ್‌ಗುಲನ ಸೊಂಟ ಬಿದ್ದುಹೋಗಿತ್ತು. "ಸಂಜೆಯೊಳಗೆ ಚುಕ್ಕೆ ಗೆರೆ ಮೇಲೆ ಕೂರಿಸು, ಪಟ್ಟಿಯಿಂದ ನಿನ್ನ ಹೆಸರು ಹೊಡೆದುಹಾಕ್ತೀನಿ. ಇಲ್ಲಾಂದ್ರೆ ಐದಕ್ಕೆ ಲಾರಿ ಹತ್ತು" ಎಂದಿದ್ದರು ಪ್ರೊಫೆಸರ್ ಇವತ್ತು ಬೆಳಿಗ್ಗೆ.

ಪಕ್ಕದ ಕೋಣೆಯ ಗೆನ್ನಾದಿ ಬಂದವನೇ ಯಂತ್ರದ ತಲೆಗೆ ಗುದ್ದಿದ. "ನಮ್ಮನೆ ಟೀವಿ ಹಿಂಗೇ ಸರಿಹೋಗೋದು." ಮುಳ್ಳು ಇನ್ನೊಂದು ಗೀಟು ಇಳಿಯಿತು.

"ನೀರೇ ಸರಿಯಿಲ್ಲ ಕಣಪ್ಪ, ನನ್ನ ಟೀನೂ ಕೆಟ್ಟುಹೋಗುತ್ತೆ" ಎನ್ನುತ್ತಾ ಗ್ರಂಥಾಲಯದ ಜಿನಾಯಿದಾ ಪಾವ್ಲೊವ್ನಾ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ಅವರು ಕೂತರೆ ಮುಳ್ಳು ಏರಿತು, ಎದ್ದರೆ ಇಳಿಯಿತು. ಹತ್ತಿರ ಮನುಷ್ಯರ ಮೈ ಬಂದರೆ ಯಂತ್ರ ಅದನ್ನೂ ಸೇರಿಸಿಯೇ ಅಳೆಯುತ್ತಿತ್ತು. "ದಮ್ಮಯ್ಯ, ದೂರ ನಿಲ್ಲಿ" ಎಂದು ಎಸೆನ್‌ಗುಲ್ ಗೋಗರೆದದ್ದೇ ತಪ್ಪಾಯಿತು.

"ಜಂಬ ನೋಡು ಇವನದು!" ಎಂದು ಇಬ್ಬರೂ ಮುನಿಸಿಕೊಂಡು ಹೋದರು.

ನಾಲ್ಕು ಗಂಟೆಗೆ ಪ್ರೊಫೆಸರರ ಹೆಂಡತಿ, ಎಲ್ಲರೂ ಅಕ್ಕ ಎಂಬಂತೆ ಎಜೆ ಎಂದು ಕರೆಯುವ ಕಲೀಪಾ ಎಜೆ, ಮಂತಿ ಕಡುಬಿನ ಡಬ್ಬಿ ಹಿಡಿದು ಬಂದರು. ಗಂಡ ಸಭೆಯಲ್ಲಿದ್ದರು. "ನೀನೇ ಎರಡು ತಿನ್ನೋ, ಬಾಡಿಹೋಗಿದ್ದೀಯ" ಎಂದು ಮೇಜಿಗೆ ಮೊಣಕೈಯೂರಿ ನಿಂತರು. ಮುಳ್ಳು ಜಿಗಿದು ಸೂತ್ರ ಹೇಳಿದ ಗೀಟನ್ನೂ ದಾಟಿತು.

"ಎಜೆ, ಅಲ್ಲಾಡಬೇಡಿ!"

"ಇವರೂ ಹಿಂಗೇ ಕಿರುಚ್ತಿದ್ರು" ಎಂದು ಎಜೆ ನಕ್ಕರು. "ಇಪ್ಪತ್ತು ವರ್ಷದ ಹಿಂದೆ ಇವರು ಇದೇ ಮೇಜಲ್ಲಿ ಅಳೀವಾಗ ದಿನಾ ಬಂದು ಇಲ್ಲೇ ಒರಗಿ ನಿಲ್ತಿದ್ದೆ. ಆಗಿನ್ನೂ ಮದುವೆ ಆಗಿರ್ಲಿಲ್ಲ. ಸಣ್ಣಗೂ ಇದ್ದೆ ಅನ್ನು. ಈಗ ಒಂದು ಗೇಣು ಹಿಂದೆ ನಿಲ್ಬೇಕೇನೋ."

ಒಂದು ಗೇಣು ಹಿಂದೆ ಸರಿದರು. ಮುಳ್ಳು ಸರಿಯಾಗಿ ಸೂತ್ರ ಹೇಳಿದ ಗೀಟಿಗೇ ಬಂದು ಕೂತಿತು. ಕೊಳವೆಗೆ ಇನ್ನೊಂದು ಹನಿ ಉಪ್ಪುನೀರು, ಹಾಳೆಗೆ ಇನ್ನೊಂದು ಚುಕ್ಕೆ, ಎಲ್ಲವೂ ಗೆರೆಯ ಮೇಲೇ. ಎಸೆನ್‌ಗುಲನಿಗೆ ನಗು ಬರಲಿಲ್ಲ, ಅಳು ಬಂತು. ಪಠ್ಯಪುಸ್ತಕಗಳಲ್ಲಿ ಅಚ್ಚಾದ ಆ ಸೂತ್ರದೊಳಗೆ ಕಲೀಪಾ ಎಜೆ ಇಪ್ಪತ್ತು ವರ್ಷದಿಂದ ನಿಂತಿದ್ದರು.

ಅಷ್ಟರಲ್ಲಿ ಪ್ರೊಫೆಸರ್ ಬಂದರು. ಹಾಳೆ ನೋಡಿ ಅವನನ್ನು ತಬ್ಬಿಕೊಂಡರು. "ಭೇಷ್! ಅದೇನು ಮಾಡಿದ್ಯೋ?"

"ಅವನೇನು ಮಾಡ್ದ? ನಾನು ನಿಂತೆ, ಸರಿಹೋಯ್ತು" ಎಂದರು ಎಜೆ. "ನೀವು ಅಳೆದಾಗ್ಲೂ ನಾನೇ ತಾನೇ ನಿಂತಿದ್ದು?"

ಪ್ರೊಫೆಸರರ ನಗು ನಿಂತಿತು. ಹೆಂಡತಿಯನ್ನು ತೋಳು ಹಿಡಿದು ಬಾಗಿಲಾಚೆಗೆ ಬಿಟ್ಟರು. ಮುಳ್ಳು ಮೂರು ಗೀಟು ಇಳಿಯಿತು. ಅವರು ಬಾಗಿಲು ಮುಚ್ಚಿದರು.

"ಇದು ಇನ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ, ಅಗೈ."

ಪ್ರೊಫೆಸರ್ ಜೇಬಿನಿಂದ ಪಟ್ಟಿ ತೆಗೆದು, ಕೊಟ್ಟ ಮಾತಿನಂತೆ ಅವನ ಹೆಸರು ಹೊಡೆದುಹಾಕಿದರು. ಆಮೇಲೆ ಎಲ್ಲಕ್ಕಿಂತ ಮೇಲೆ ಹೊಸದಾಗಿ ಬರೆದರು: ತಂಡದ ನಾಯಕ, ಎಸೆನ್‌ಗುಲ್, ಹಿಮ ಬೀಳುವ ತನಕ.

"ಹೋಗಪ್ಪ, ಸ್ವಲ್ಪ ಗಾಳಿ ಕುಡಿ" ಎಂದರು ಮೆಲ್ಲಗೆ. "ಅಲ್ಲಿ ಅಳೆಯೋದು ತಕ್ಕಡೀಲಿ. ಪಕ್ಕದಲ್ಲಿ ಯಾರು ನಿಂತ್ರೂ ಒಂದೇ ತೂಕ."